ರಜೆಯಲ್ಲಿ ಮಂಗಟ್ಟೆಯ ಮನೆ ನೋಡಿ

ಪರೀಕ್ಷೆ ಮುಗಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳಿಗೆ ಕಾಡೇ ಪ್ರಯೋಗಶಾಲೆ. ಈ ಬೇಸಿಗೆಯಲ್ಲಿ ನೋಡಲೇಬೇಕಾದ ಹಕ್ಕಿ ಮಂಗಟ್ಟೆ. ಭಾರತದ 9 ಜಾತಿಯ ಮಂಗಟ್ಟೆಗಳಲ್ಲಿ 4 ನಮ್ಮ ಉತ್ತರ ಕನ್ನಡದಲ್ಲಿವೆ.

ಇದರ ಸಂಸಾರ ವಿಚಿತ್ರ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಸೇರಿ ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಒಳಗೆ ಮೊಟ್ಟೆಯಿಟ್ಟು ಕಾವು ಕೊಡುವಾಗ ರೆಕ್ಕೆಯ ಹಳೆಯ ಗರಿಗಳು ಉದುರಿ, ಅದು ಹಾರಲಾರದು. ಆಗ ಗಂಡೇ ಗತಿ. ಆಲ, ಅತ್ತಿ, ರಾಮಪತ್ರೆಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಉಣಿಸುತ್ತದೆ. ಆ ಗಂಡನ್ನು ಯಾರಾದರೂ ಹೊಡೆದರೆ ಸಾಯುವುದು ಒಂದು ಹಕ್ಕಿಯಲ್ಲ, ಇಡೀ ಸಂಸಾರ.

ಗೂಡು ಹುಡುಕುವುದು ಹೇಗೆ? ಮರದ ಬುಡದಲ್ಲಿ ಹಿಕ್ಕೆ ಮತ್ತು ಬಗೆಬಗೆಯ ಬೀಜಗಳು ರಾಶಿ ಬಿದ್ದಿದ್ದರೆ ತಲೆಯೆತ್ತಿ ನೋಡಿ. ದೂರದಲ್ಲೇ ನಿಂತು, ಮಾತಾಡದೆ ಕಾಯಿರಿ. ಗಂಡು ಹಕ್ಕಿ ಹಣ್ಣು ತಂದೂ ಗೂಡಿಗೆ ಬಾರದೆ ಪಕ್ಕದ ಮರದಲ್ಲಿ ಕುಳಿತರೆ ಅದಕ್ಕೆ ನಿಮ್ಮ ಭಯವಾಗಿದೆ ಎಂದರ್ಥ, ಹಿಂದೆ ಸರಿಯಿರಿ.

ಬೇಡ್ತಿ ಮತ್ತು ಅಘನಾಶಿನಿ ಕಣಿವೆಯ ಕಾಡುಗಳು 2011ರಲ್ಲಿ ಸಂರಕ್ಷಣಾ ಮೀಸಲುಗಳಾದವು. ಆದರೆ ಮಂಗಟ್ಟೆಗೆ ಗಡಿ ಗೊತ್ತಿಲ್ಲ. ಅದು ನಮ್ಮ ಸೊಪ್ಪಿನ ಬೆಟ್ಟಕ್ಕೂ ಬರುತ್ತದೆ. ಪಾಲಕರೇ, ಬೆಟ್ಟದ ಪೊಳ್ಳು ಮರ ನಿರುಪಯೋಗಿಯೆಂದು ಕಡಿಸಬೇಡಿ. ಮಂಗಟ್ಟೆ ಸ್ವತಃ ಪೊಟರೆ ಕೊರೆಯಲಾರದು. ಅಂಥ ಮರವಾಗಲು ನೂರಾರು ವರ್ಷ ಬೇಕು.

ಮಕ್ಕಳೇ, ಹಳೆಯ ನೋಟುಪುಸ್ತಕದ ಖಾಲಿ ಹಾಳೆಯಲ್ಲಿ ದಿನಾಂಕ, ಸ್ಥಳ, ಮರ, ತಂದ ಹಣ್ಣು ಬರೆದಿಡಿ. ಮುಂದಿನ ವರ್ಷವೂ ಅದೇ ಮರದಲ್ಲಿ ಗೂಡಿದೆಯೇ ಎಂದು ಹೋಲಿಸಿ ನೋಡಿ. ವಿಜ್ಞಾನ ಆರಂಭವಾಗುವುದೇ ಹೀಗೆ.