ಬಿಡಿ ಸಂಚಿಕೆಯಿಂದ ಸಂಪುಟಕ್ಕೆ: ‘ಅಮರ ಚಿತ್ರಕಥೆ’ಯ ಮಹಾಭಾರತದ ಮೌಲ್ಯಮಾಪನ

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಊರಿನ ಗ್ರಂಥಾಲಯವೊಂದು ಮಹಾಭಾರತದ ಚಿತ್ರಕಥೆಯನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳಲು ಬಯಸಿದೆ ಎಂದು ಭಾವಿಸೋಣ. ಒಂದು ಕಡೆ ಗಟ್ಟಿ ರಟ್ಟಿನ ಮೂರು ಸಂಪುಟಗಳಿವೆ. ಇನ್ನೊಂದು ಕಡೆ ಕೈಯಿಂದ ಕೈಗೆ ಸಾಗಿ ಮಾಸಿದ, ಹೊದಿಕೆ ಕಳಚಿದ ಬಿಡಿ ಸಂಚಿಕೆಗಳಿವೆ. ಸಂಪುಟವನ್ನು ಕೊಂಡು ಬಿಡಿ ಸಂಚಿಕೆಗಳನ್ನು ರದ್ದಿಗೆ ಹಾಕುವುದು ಯಾರಿಗಾದರೂ ಸಹಜವಾಗಿ ತೋರುವ ನಿರ್ಧಾರ. ಈ ನಿರ್ಧಾರವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಬೇಕಾದರೆ, ದೀರ್ಘಕಾಲ ಕಂತುಗಳಲ್ಲಿ ಪ್ರಕಟವಾದ ಚಿತ್ರಕಥೆಯ ಸಂಪುಟವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಪ್ರಸ್ತುತ ಲೇಖನದ ವ್ಯಾಪ್ತಿ ಇಷ್ಟು.

ಮಹಾವೀರರ ತಂಡವೊಂದನ್ನು ನಾಯಕಸ್ಥಾನದಲ್ಲಿ ನಿಲ್ಲಿಸುವ ಚಿತ್ರಕಥೆಗಳು ಅಮೆರಿಕದಲ್ಲಿ 1960ರ ದಶಕದಲ್ಲಿ ಹೆಚ್ಚು ಪ್ರಚಾರಕ್ಕೆ ಬಂದವು. ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ 1960ರಲ್ಲಿಯೂ ‘ಅವೆಂಜರ್ಸ್’ ಮತ್ತು ‘ಎಕ್ಸ್-ಮೆನ್’ 1963ರಲ್ಲಿಯೂ ಕಾಣಿಸಿಕೊಂಡವು. ಇವುಗಳಲ್ಲಿ ಮೊದಲಿನ ಎರಡರ ಹುಟ್ಟಿನ ಕ್ರಮ ಗಮನಾರ್ಹವಾದುದು. ಅಲ್ಲಿನ ವೀರರಲ್ಲಿ ಹೆಚ್ಚಿನವರು ಮೊದಲು ತಮ್ಮ ತಮ್ಮ ಕಥೆಗಳಲ್ಲಿ ಒಂಟಿಯಾಗಿ ಬೆಳೆದು ಓದುಗರಿಗೆ ಪರಿಚಿತರಾದ ಬಳಿಕವೇ ತಂಡವಾಗಿ ಒಂದುಗೂಡಿದರು. ‘ಅಮರ ಚಿತ್ರಕಥೆ’ಯಲ್ಲಿಯೂ ನಡೆದದ್ದು ಹೆಚ್ಚುಕಡಿಮೆ ಇದೇ. ಕರ್ಣ, ಭೀಷ್ಮ, ದ್ರೌಪದಿ, ಅಭಿಮನ್ಯು, ಘಟೋತ್ಕಚ ಇವರೆಲ್ಲ ಬೇರೆ ಬೇರೆ ಸಂಚಿಕೆಗಳ ನಾಯಕ ನಾಯಕಿಯರಾಗಿ ಬಂದುಹೋದ ಮೇಲೆ, 1985ರಿಂದ 1989ರವರೆಗೆ 42 ಸಂಚಿಕೆಗಳಲ್ಲಿ ಇಡೀ ಮಹಾಭಾರತವು ಒಂದೇ ಸರಣಿಯಾಗಿ ಪ್ರಕಟವಾಯಿತು. ಸಂಚಿಕೆಗೆ 32 ಪುಟಗಳಂತೆ ಸುಮಾರು 1300 ಪುಟಗಳ ಈ ಸಾಮಗ್ರಿಯೇ ಮುಂದೆ ಮೂರು ಸಂಪುಟಗಳಾಗಿ ಕಟ್ಟಲ್ಪಟ್ಟಿತು.

ತಂಡದ ಕಥೆಯನ್ನು ವಿಮರ್ಶಿಸುವ ಅಳತೆಗೋಲಿಗಾಗಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಐವರು ಅಣ್ಣತಮ್ಮಂದಿರ ಕಥೆಯಲ್ಲಿ ಯಾರಿಗೆ ಎಷ್ಟು ಸ್ಥಳ ಎಂಬ ಪ್ರಶ್ನೆಯನ್ನು ನಮ್ಮ ಕವಿಗಳು ಸಾವಿರ ವರ್ಷಗಳ ಹಿಂದೆಯೇ ಎದುರಿಸಿದ್ದಾರೆ. ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನನ್ನು ಕಥಾನಾಯಕನನ್ನಾಗಿ ಮಾಡಿ, ದ್ರೌಪದಿಯನ್ನು ಅವನೊಬ್ಬನ ಪತ್ನಿಯನ್ನಾಗಿಸಿ, ಕೊನೆಯ ಪಟ್ಟಾಭಿಷೇಕವನ್ನೂ ಅವನಿಗೇ ಕಟ್ಟಿದನು. ರನ್ನನ ಗದಾಯುದ್ಧವು ಭೀಮನ ಸುತ್ತ ಕಟ್ಟಿದ್ದು. ಹಿಂದಿನ ಕಥೆಯೆಲ್ಲ ಅಲ್ಲಿ ಸಿಂಹಾವಲೋಕನ ಕ್ರಮದಲ್ಲಿ ಬರುತ್ತದೆ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ಕಥೆಯನ್ನು ನಿಲ್ಲಿಸಿದನು. ಎಲ್ಲಿ ನಿಲ್ಲಿಸಬೇಕು, ಯಾರನ್ನು ಮುಂದೆ ತರಬೇಕು ಎಂಬುದು ಕವಿಯ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಆಯ್ಕೆಯನ್ನು ಕವಿಯು ತಿಳಿದು ಮಾಡಿರುವನೇ, ಮಾಡಿದ ಮೇಲೆ ಅದನ್ನು ಕೊನೆಯವರೆಗೆ ನಿರ್ವಹಿಸಿರುವನೇ ಎಂಬುದು ಮಾತ್ರ ವಿಮರ್ಶಕನ ಪ್ರಶ್ನೆ.

ಈ ದೃಷ್ಟಿಯಿಂದ ನೋಡಿದಾಗ ‘ಅಮರ ಚಿತ್ರಕಥೆ’ಯ ಸರಣಿಯು ಪಂಪನ ದಾರಿಯನ್ನು ಬಿಟ್ಟು ವ್ಯಾಸರ ದಾರಿಯನ್ನು ಹಿಡಿದಿದೆ. ಕಥೆಯು ಸ್ವರ್ಗಾರೋಹಣದವರೆಗೂ ಸಾಗುತ್ತದೆ. ಇದು ಸಣ್ಣ ಸಾಧನೆಯಲ್ಲ. ‘ಎಕ್ಸ್-ಮೆನ್’ನ ಉದಾಹರಣೆಯನ್ನೇ ತೆಗೆದುಕೊಂಡರೆ, 1970ರಲ್ಲಿ 66ನೆಯ ಸಂಚಿಕೆಯ ಬಳಿಕ ಹೊಸ ಕಥೆಗಳು ನಿಂತು ಹಳೆಯವೇ ಮರುಮುದ್ರಣಗೊಂಡವು, 1975ರಲ್ಲಿ ಬಹುಮಟ್ಟಿಗೆ ಹೊಸದಾದ ತಂಡದೊಡನೆ ಸರಣಿಯು ಮತ್ತೆ ಚಿಗುರಿತು. ಬರೆಯುವವರೂ ಚಿತ್ರಿಸುವವರೂ ಬದಲಾಗುತ್ತ ಹೋಗುವ, ಮುಗಿಯದಿರುವುದೇ ಸ್ವಭಾವವಾದ ಅಂಥ ಕಥೆಯಿಂದ ಸಂಪುಟವನ್ನು ಕಟ್ಟುವವನು ಎಲ್ಲಿಯೋ ಒಂದು ಕಡೆ ಕತ್ತರಿ ಆಡಿಸಲೇಬೇಕು. ಮಹಾಭಾರತದ ಸರಣಿಗೆ ಈ ತೊಡಕಿಲ್ಲ. ಬಹುಪಾಲು ಸಂಚಿಕೆಗಳನ್ನು ದಿಲೀಪ್ ಕದಂ ಒಬ್ಬರೇ ಚಿತ್ರಿಸಿರುವುದರಿಂದ ಮುಖಗಳಲ್ಲಿ, ಮೈಕಟ್ಟಿನಲ್ಲಿ ಏಕರೂಪತೆಯೂ ಸಾಧ್ಯವಾಗಿದೆ. ಬಿಡಿಯಾಗಿ ಓದುವವನ ಗಮನಕ್ಕೆ ಅಷ್ಟಾಗಿ ಬಾರದ ಈ ಗುಣ ಸಂಪುಟದಲ್ಲಿ ಎದ್ದು ಕಾಣುತ್ತದೆ.

ತಂಡದ ಕಥೆಗೆ ನಿಜವಾದ ಪರೀಕ್ಷೆ ಎದುರಾಗುವುದು ಯುದ್ಧಪರ್ವಗಳಲ್ಲಲ್ಲ, ವಿರಾಟಪರ್ವದಲ್ಲಿ ಎಂಬುದು ಈ ಲೇಖಕನ ಅಭಿಪ್ರಾಯ. ಅಮೆರಿಕದ ವೀರರನ್ನು ಅವರ ಉಡುಪಿನ ಬಣ್ಣದಿಂದಲೇ ಗುರುತಿಸಬಹುದು. ಪಾಂಡವರಾದರೋ ವನವಾಸದಲ್ಲಿ ಒಂದೇ ಬಗೆಯ ನಾರುಡೆಯವರು. ಅಜ್ಞಾತವಾಸದಲ್ಲಂತೂ ಗುರುತು ಮರೆಸಿಕೊಳ್ಳುವುದೇ ಅವರ ಕೆಲಸ. ಧರ್ಮರಾಯ ಕಂಕನಾಗಿ, ಭೀಮ ಬಾಣಸಿಗನಾಗಿ, ಅರ್ಜುನ ಬೃಹನ್ನಳೆಯಾಗಿ, ನಕುಲ ಕುದುರೆಗಳ ನಡುವೆ, ಸಹದೇವ ದನಗಳ ನಡುವೆ ನಿಂತಾಗ, ವಿರಾಟನ ಆಸ್ಥಾನದವರಿಗೆ ಅವರ ಗುರುತು ಸಿಗಬಾರದು, ಓದುಗನಿಗೆ ಸಿಗಬೇಕು. ಕಾವ್ಯದಲ್ಲಿ ಒಂದು ಮಾತಿನಿಂದ ನೆರವೇರುವ ಈ ಕಾರ್ಯವನ್ನು ಚಿತ್ರಕಾರನು ನಿಲುವಿನಿಂದ, ದೃಷ್ಟಿಯಿಂದ ಸಾಧಿಸಬೇಕು. ನಕುಲ ಸಹದೇವರಿಗೆ ತಮ್ಮದೇ ಆದ ಕೆಲಸವೊಂದು ಒದಗುವ ವಿರಳ ಸಂದರ್ಭವೂ ಇದೇ ಆಗಿದೆ. ಉಳಿದೆಡೆ ಅವರು ಚೌಕಟ್ಟಿನ ಅಂಚಿಗೆ ಸರಿದರೆ ಆ ದೋಷವನ್ನು ಚಿತ್ರಕಾರನ ಮೇಲೆ ಹೊರಿಸಲಾಗದು. ಮೂಲದಲ್ಲಿಯೇ ಅವರ ಪಾಲು ಕಿರಿದು.

ಇಲ್ಲಿಯವರೆಗಿನ ವಿಚಾರವೆಲ್ಲ ಸಂಪುಟದ ಪರವಾಗಿಯೇ ಇದೆ. ಭಾಷೆಯ ಕಡೆಗೆ ತಿರುಗಿದಾಗ ಚಿತ್ರ ಬದಲಾಗುತ್ತದೆ.

ಅನೇಕ ಭಾಷೆಗಳಲ್ಲಿ ಹೊರಡುವ ಚಿತ್ರಕಥೆಗಳಲ್ಲಿ ಬಣ್ಣದ ಅಚ್ಚುಗಳು ಎಲ್ಲ ಭಾಷೆಗಳಿಗೂ ಸಮಾನವಾಗಿದ್ದು, ಅಕ್ಷರಗಳಿರುವ ಕಪ್ಪು ಅಚ್ಚು ಮಾತ್ರ ಬದಲಾಗುವುದು ವಾಡಿಕೆ. ಎಂದರೆ ಮಾತಿನ ಗುಳ್ಳೆಯ ಅಳತೆ ಮೊದಲೇ ನಿಗದಿಯಾಗಿರುತ್ತದೆ. ಇಂಗ್ಲಿಷಿನ ಸಾಲಿಗೆ ಸಾಲುವ ಎಡೆಯಲ್ಲಿ ಕನ್ನಡದ ಒತ್ತಕ್ಷರಗಳು ಹಿಡಿಸಬೇಕಾದರೆ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಅನುವಾದಕನು ಮಾತನ್ನು ಮೊಟಕುಗೊಳಿಸದೆ ಗತ್ಯಂತರವಿಲ್ಲ. ಇದಕ್ಕಿಂತ ಸೂಕ್ಷ್ಮವಾದುದು ಸಂಬೋಧನೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದೇ ಸರ್ವನಾಮ ಸಾಕು. ಕನ್ನಡದಲ್ಲಿ ದ್ರೌಪದಿಯು ಸಭೆಯಲ್ಲಿ ಭೀಷ್ಮನನ್ನು ‘ನೀವು’ ಎನ್ನಬೇಕೋ ‘ನೀನು’ ಎನ್ನಬೇಕೋ, ಭೀಮನು ಅಣ್ಣನ ಮೇಲೆ ಸಿಡಿದೆದ್ದಾಗ ಬಹುವಚನವು ಏಕವಚನಕ್ಕೆ ಇಳಿಯಬೇಕೋ ಎಂಬುದನ್ನು ಅನುವಾದಕನು ಪ್ರತಿಯೊಂದು ಗುಳ್ಳೆಯಲ್ಲಿಯೂ ತೀರ್ಮಾನಿಸಬೇಕಾಗುತ್ತದೆ. ಹಳೆಯ ಕಾವ್ಯಗಳು ಏಕವಚನಕ್ಕೆ ಅಂಜಿದವಲ್ಲ. ಇಂದಿನ ಮನೆಮಾತಿನ ಮರ್ಯಾದೆ ಬೇರೆ. ಆದುದರಿಂದ ಕನ್ನಡದ ಬಿಡಿ ಸಂಚಿಕೆಯನ್ನು ಇಂಗ್ಲಿಷ್ ಸಂಪುಟದ ನಕಲೆಂದು ತಿಳಿಯುವುದು ಸರಿಯಲ್ಲ; ಅದು ಒಂದು ಪ್ರತ್ಯೇಕ ಪಾಠ. ಮರಾಠಿ, ಉರ್ದು, ತೆಲುಗುಗಳು ಕನ್ನಡದೊಡನೆ ಬೆರೆತಿರುವ ಬೀದರ್ ಜಿಲ್ಲೆಯ ಮಟ್ಟಿಗೆ ಈ ಮಾತಿಗೆ ಇನ್ನಷ್ಟು ತೂಕವಿದೆ. ಭಾಲ್ಕಿ, ಔರಾದ್ ಕಡೆಯ ಮಗುವಿಗೆ ಮನೆಯ ಮಾತಿಗಿಂತ ಭಿನ್ನವಾದ ಗ್ರಾಂಥಿಕ ಕನ್ನಡವು ಪಠ್ಯಪುಸ್ತಕದ ಹೊರಗೆ ದೊರೆಯುವ ದಾರಿಗಳಲ್ಲಿ ಇಂಥ ಚಿತ್ರಕಥೆಯೂ ಒಂದು. ಇಂಗ್ಲಿಷ್ ಸಂಪುಟದಲ್ಲಿ ಆ ಕನ್ನಡದ ಯಾವ ಕುರುಹೂ ಉಳಿಯುವುದಿಲ್ಲ.

ಕುರುಹು ಅಳಿಯುವುದಕ್ಕೆ ಇನ್ನೊಂದು ನಿದರ್ಶನವಿದೆ. ‘ಅಮರ ಚಿತ್ರಕಥೆ’ ಎಂದೊಡನೆ ನೆನಪಾಗುವವರು ಕಾರ್ಕಳದಲ್ಲಿ 1929ರಲ್ಲಿ ಜನಿಸಿ ಮುಂಬಯಿಯಲ್ಲಿ ಬೆಳೆದ ಅನಂತ ಪೈ. ಅವರ ಸಂಪಾದಕತ್ವದ ಇಂಗ್ಲಿಷ್ ಸರಣಿಯಲ್ಲಿ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ಒಂದರಿಂದ ಹತ್ತರವರೆಗಿನವು ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಮಕ್ಕಳ ಕಥೆಗಳು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟದಲ್ಲಿ ತೊಡಗಿದ್ದ ಜಿ.ಕೆ. ಅನಂತರಾಮ್ ಅವರ ಹೇಳಿಕೆಯಂತೆ, ಆ ಹತ್ತು 1965ರಲ್ಲಿ ಕನ್ನಡದಲ್ಲಿ ಹೊರಬಂದವು; ಅವುಗಳ ಮಾರಾಟದ ಯಶಸ್ಸೇ ಮುಂಬಯಿಯ ಕೇಂದ್ರ ಕಚೇರಿಯು ಈ ಯೋಜನೆಯನ್ನು ಇಂಗ್ಲಿಷಿನಲ್ಲಿ ಮುಂದುವರಿಸಲು ಕಾರಣವಾಯಿತು. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ 1965ರದೇ ಎಂಬುದು ಕಾಕತಾಳೀಯ. ಅನಂತರದ ಮರುಮುದ್ರಣಗಳಲ್ಲಿ ಕ್ರಮಾಂಕವನ್ನು 501ರಿಂದ ಹೊಸದಾಗಿ ಆರಂಭಿಸಿದಾಗ ‘ಕೃಷ್ಣ’ವು 501 ಆಯಿತು. ಮೊದಲಿನ ಹತ್ತು ಅಂಕಿಗಳ ತೆರವು ಕಣ್ಣಿಗೆ ಬೀಳದಾಯಿತು. ಅದರೊಡನೆ ಕನ್ನಡದ ಪಾಲೂ ಮರೆಗೆ ಸರಿಯಿತು. ಇದನ್ನು ಯಾರದೋ ಕುಟಿಲವೆಂದು ಹೇಳುವಂತಿಲ್ಲ. ಆದರೂ ಸಂಪುಟೀಕರಣವು ಚರಿತ್ರೆಯನ್ನು ಹೇಗೆ ನಯಗೊಳಿಸಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಹೀಗಾಗಿ ಓದುವ ಕೃತಿಯಾಗಿ ಮಹಾಭಾರತದ ಮೂರು ಸಂಪುಟಗಳನ್ನು ಗ್ರಂಥಾಲಯಗಳು ಅವಶ್ಯವಾಗಿ ಕೊಳ್ಳಬಹುದು. ಸಂಶೋಧನೆಯ ಆಕರವಾಗಿ ಅವು ಸಾಲವು. ಕನ್ನಡದ ಬಿಡಿ ಸಂಚಿಕೆ ಒಂದೇ ಒಂದು ಇದ್ದರೂ, ಹರಿದಿದ್ದರೂ, ಅದನ್ನು ಬೇರೆ ದಾಖಲೆಯಾಗಿ ನೋಂದಾಯಿಸಬೇಕು. ನೋಂದಣಿಯಲ್ಲಿ ಹೊದಿಕೆಯ ಮೇಲಿನ ಮೂಲ ಕ್ರಮಾಂಕ, ಮುದ್ರಣದ ವರ್ಷ, ಬೆಲೆ, ಅನುವಾದಕರ ಹೆಸರು ಅಚ್ಚಾಗಿದ್ದರೆ ಅದು, ಒಳಹೊದಿಕೆಯ ಜಾಹೀರಾತು ಇವನ್ನು ಬರೆದಿಡಬೇಕು. ಕಥೆಯ ಹೆಸರಿನಡಿಯಲ್ಲಿ ಮಾತ್ರ ಸೂಚಿಯನ್ನು ಮಾಡಿದರೆ 11ನೆಯ ‘ಕೃಷ್ಣ’ವೂ 501ನೆಯ ‘ಕೃಷ್ಣ’ವೂ ಒಂದೇ ಪುಸ್ತಕವಾಗಿ ಕಾಣುತ್ತವೆ, ಆದ್ದರಿಂದ ಕ್ರಮಾಂಕಕ್ಕೂ ಭಾಷೆಗೂ ಪ್ರತ್ಯೇಕ ಅಂಕಣಗಳಿರುವುದು ಅಗತ್ಯ.