ಗುಟ್ಟಾದ ಹೆಸರು ಉದ್ದವಾಗುವುದೇಕೆ?

ಪ್ರಶ್ನೆ: ಆರ್‌ಕ್ಲೋನ್ ಬಳಸಿ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿ ಕ್ಲೌಡ್‌ಗೆ ಕಳಿಸುತ್ತೇನೆ. ಕನ್ನಡದ ಹೆಸರಿರುವ ಕೆಲವು ಮಾತ್ರ ‘ಹೆಸರು ತುಂಬಾ ಉದ್ದ’ ಎಂದು ನಿಂತುಬಿಡುತ್ತವೆ. ನನ್ನ ಕಂಪ್ಯೂಟರ್‌ನಲ್ಲಿ ಅವಕ್ಕೆ ತೊಂದರೆಯಿಲ್ಲವಲ್ಲ?

ಉತ್ತರ: ಅಲ್ಲಿ ಗುಟ್ಟಾಗುವುದು ಫೈಲಿನ ಒಳಗಿನದಷ್ಟೇ ಅಲ್ಲ, ಹೆಸರೂ ಹೌದು. ಹೆಸರಿಗೆ ಹಲವು ಕಡೆ ಇರುವ ಮಿತಿ 255 ಬೈಟ್ ಅಥವಾ ಅಕ್ಷರ. ಆರ್‌ಕ್ಲೋನ್ ಮೊದಲು ಹೆಸರಿಗೆ ಕನಿಷ್ಠ ಒಂದಾದರೂ ಬೈಟ್ ಸೇರಿಸಿ, ಒಟ್ಟು 16ರ ಮಗ್ಗಿಗೆ ಹೊಂದುವಂತೆ ಮಾಡುತ್ತದೆ. ಎನ್‌ಕ್ರಿಪ್ಟ್ ಆದದ್ದನ್ನು ಬೇಸ್32 ಕ್ರಮದಲ್ಲಿ ಬರೆಯುತ್ತದೆ: ಪ್ರತಿ 5 ಬೈಟ್‌ಗೆ 8 ಅಕ್ಷರ. 143 ಬೈಟ್‌ನ ಹೆಸರು 144ಕ್ಕೇರಿ, 231 ಅಕ್ಷರವಾಗಿ ಮಿತಿಯೊಳಗೇ ಉಳಿಯುತ್ತದೆ. 144 ಬೈಟ್‌ನದ್ದು 160ಕ್ಕೆ ಜಿಗಿದು ಸರಿಯಾಗಿ 256 ಆಗುತ್ತದೆ. ಹೆಚ್ಚಾದದ್ದು ಒಂದೇ ಒಂದು!

ಕನ್ನಡದ ಹೆಸರಿಗೆ ಪೆಟ್ಟು ಬೇಗ ಬೀಳುತ್ತದೆ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ವ್ಯಂಜನಕ್ಕೆ, ಕೊಂಬಿಗೆ, ಒತ್ತಕ್ಷರ ಕೂಡಿಸುವ ಚಿಹ್ನೆಗೆ ತಲಾ 3 ಬೈಟ್. ‘ಕನ್ನಡ’ ಎಂದರೇ 15 ಬೈಟ್. 143ರಲ್ಲಿ ಹಿಡಿಸುವುದು ಇಂಥ 47 ಚಿಹ್ನೆಗಳು ಮಾತ್ರ. ನಿಮ್ಮದು ವಿಂಡೋಸ್ ಆದರೆ, ಅದರ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಬೈಟ್ ಲೆಕ್ಕ ಹಾಕುವುದಿಲ್ಲ, ಹಾಗಾಗಿ ಅಲ್ಲಿ ತಕರಾರಿರುವುದಿಲ್ಲ.

ಕ್ರಿಪ್ಟೊಮೇಟರ್ ಎಂಬ ಇಂಥದೇ ತಂತ್ರಾಂಶ ಜಾಣತನ ಮಾಡುತ್ತದೆ; ಹೆಸರು ಮಿತಿಮೀರಿದರೆ ಗಿಡ್ಡ ಸಂಕೇತವಿಟ್ಟು, ಪೂರ್ತಿ ಹೆಸರನ್ನು ಬೇರೆ ಪುಟ್ಟ ಫೈಲಿನಲ್ಲಿ ಕಾಪಾಡುತ್ತದೆ. ಆರ್‌ಕ್ಲೋನ್‌ನಲ್ಲೂ ಬೇಸ್32ರ ಬದಲು ಬೇಸ್64 ಆರಿಸಿಕೊಂಡರೆ ಜಾಗ ಉಳಿಯುತ್ತದೆ, ಆದರೆ ಅದನ್ನು ಆರಂಭದಲ್ಲೇ ಮಾಡಬೇಕು. ನಡುವೆ ಬದಲಿಸಿದರೆ ಹಳೆಯ ಹೆಸರುಗಳನ್ನು ಅದು ಗುರುತಿಸಲಾರದು. ನಾನಾದರೆ ಹೆಸರನ್ನೇ ಕತ್ತರಿಸುತ್ತೇನೆ.