ಗಡಿ ದಾಟಿದರೆ ಭಾಷೆಯ ಹಕ್ಕು ಹೋಗುತ್ತಾ?

ಇವತ್ತಿನ ಮಾತು ಚಿಂಚಲಿಯಿಂದ ಶುರು ಮಾಡೋಣ. ರಾಯಬಾಗ ತಾಲ್ಲೂಕಿನ ಈ ಊರಿನ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನ ಬರ್ತಾರೆ. ಜಾತ್ರೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತೆ. ಆದರೆ ಕಾನೂನಿನ ಲೆಕ್ಕ ಬೇರೆ.

ಚಿಂಚಲಿಯ ಕನ್ನಡಿಗ ಇಲ್ಲಿ ಬಹುಸಂಖ್ಯಾತ. ಅವನೇ ಕೃಷ್ಣೆ ದಾಟಿ, ಅಥಣಿ ದಾಟಿ, ಸಾಂಗ್ಲಿ ಜಿಲ್ಲೆಯ ಜತ್ತದಲ್ಲಿ ನೆಲೆಸಿದರೆ ಭಾಷಾ ಅಲ್ಪಸಂಖ್ಯಾತ. ನಿಪ್ಪಾಣಿಯ ಮರಾಠಿ ಮಾತಿನವರು ಕರ್ನಾಟಕದಲ್ಲಿ ಅಲ್ಪಸಂಖ್ಯಾತರು. ಯಾಕೆ? 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಅಲ್ಪಸಂಖ್ಯಾತರು ಯಾರು ಅಂತ ನೋಡೋಕೆ ರಾಜ್ಯವೇ ಅಳತೆಗೋಲು.

ಎರಡು ದೇಶಗಳ ನಡುವೆ ಇದಕ್ಕೆ ಒಪ್ಪಂದ ಬೇಕಾಗುತ್ತೆ. ಇಟಲಿಯಲ್ಲಿರೋ ಜರ್ಮನ್ ಭಾಷಿಕರಿಗಾಗಿ ಆಸ್ಟ್ರಿಯಾ 1946ರಲ್ಲಿ ಇಟಲಿ ಜೊತೆ ಒಪ್ಪಂದ ಮಾಡಿಕೊಂಡಿತು. ನಮ್ಮಲ್ಲಿ ಗಡಿಯ ಎರಡೂ ಕಡೆ ಒಂದೇ ಸಂವಿಧಾನ. 30ನೇ ವಿಧಿ ಪ್ರಕಾರ ಭಾಷಾ ಅಲ್ಪಸಂಖ್ಯಾತರು ತಮ್ಮದೇ ಶಾಲೆ ನಡೆಸಬಹುದು. 1956ರಲ್ಲಿ ಸೇರಿದ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ರಾಜ್ಯ ಪ್ರಯತ್ನಿಸಬೇಕು ಅನ್ನುತ್ತೆ. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು ಅನ್ನೋ ಸೂತ್ರ 1949ರಿಂದಲೇ ಇದೆ.

ತೊಡಕು ಎಲ್ಲಿದೆ ಅಂದ್ರೆ, 350ಎ ಹೇಳೋದು 'ಪ್ರಯತ್ನ' ಅಂತ. 40-10ರ ಸೂತ್ರ ಸರ್ಕಾರಗಳ ಒಪ್ಪಿಗೆ, ಸಂವಿಧಾನದ ಸಾಲಲ್ಲ. 350ಬಿ ಅಡಿ ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿ ಇದ್ದಾರೆ, ಆದರೆ ಅವರು ರಾಷ್ಟ್ರಪತಿಗೆ ವರದಿ ಕೊಡಬಹುದು, ರಾಜ್ಯಕ್ಕೆ ದಂಡ ಹಾಕೋ ಹಾಗಿಲ್ಲ.

ಗಡಿ ಜಗಳ ಇನ್ನೊಂದು ಕಥೆ. 1967ರ ಮಹಾಜನ್ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಿ ಅಂದಿತು. ಯಾವುದೂ ಆಗಲಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಾವೆ ನೆಲ ಯಾರದು ಅಂತ ಕೇಳುತ್ತೆ. ಒಂದನೇ ತರಗತಿಯ ಮಗು ಆ ತೀರ್ಪಿಗೆ ಕಾಯೋಕಾಗಲ್ಲ, ಕಾಯಬೇಕಾಗಿಯೂ ಇಲ್ಲ. ಗೆರೆ ಎಲ್ಲೇ ಇರಲಿ, ಹಕ್ಕು ಇವತ್ತೇ ಇದೆ.

ಒಂದು ಮಾತು ನೆನಪಿರಲಿ. ಜತ್ತದಲ್ಲಿ ಕನ್ನಡ ಶಿಕ್ಷಕರು ಬೇಕು ಅಂತ ನಾವು ಕೇಳೋದು ಯಾವ ವಿಧಿಯ ಬಲದಿಂದಲೋ, ನಿಪ್ಪಾಣಿಯಲ್ಲಿ ಮರಾಠಿ ಶಿಕ್ಷಕರನ್ನು ಕೇಳೋದೂ ಅದರ ಬಲದಿಂದಲೇ. ಇಲ್ಲಿ ಅದನ್ನ ಸಡಿಲ ಮಾಡಿದರೆ, ಅಲ್ಲಿರೋ ನಮ್ಮವರ ಕೈಯೇ ಸೋಲುತ್ತೆ.